ಸದ್ದಮ್ಮ ಮತ್ತು ಕಬ್ಬಿಣದ ಕುರ್ಚಿಗಳು

"ಕರ್‌ರ್‌ರ್..."

ಮಾವ ತಾರಸಿಯಲ್ಲಿ ಕಬ್ಬಿಣದ ಕುರ್ಚಿ ಎಳೆದಿದ್ದೇ ತಡ, ಕೆಳಮನೆಯ ಕಿಟಕಿಯಿಂದ ಮಗುವಿನ ಅಳು ಕೇಳಿಸಿತು. ಅದರ ಹಿಂದೆಯೇ ಕೂಗು: "ಸ್ವಲ್ಪ ಸದ್ದು ಕಮ್ಮಿ ಮಾಡಿ."

"ಶುರುವಾಯ್ತು ಸದ್ದಮ್ಮನ ವರಾತ," ಎಂದು ಚಿನಕುರಳಿ ಮೂತಿ ತಿರುವಿದಳು. ಕೆಳಮನೆ ಆಂಟಿಗೆ ಆ ಹೆಸರಿಟ್ಟವಳೂ ಇವಳೇ. ದಿನಾ ಸದ್ದು ಸದ್ದು ಅಂತಾರಲ್ಲ, ಇನ್ನೇನು ಹೆಸರಿಡಬೇಕು?

ಅಮ್ಮ ಬಾಗಿಲಿಗೆ ಬಂದಳು. "ಇನ್ನೊಂದು ಕಂಪ್ಲೇಂಟ್ ಬಂದ್ರೆ ಕುರ್ಚಿಗಳನ್ನೆಲ್ಲ ಗುಜರಿಗೆ ಹಾಕ್ತೀನಿ, ನೋಡ್ತಾ ಇರಿ."

ಚಿನಕುರಳಿ ಓಡಿ ಬಂದು ಒಂದು ಕುರ್ಚಿಯನ್ನು ತಬ್ಬಿಕೊಂಡಳು. ಭಾನುವಾರ ಗೆಳತಿಯರೆಲ್ಲ ನಾಟಕದ ಪ್ರಾಕ್ಟೀಸಿಗೆ ಬರುವವರಿದ್ದರು. ಈ ಕುರ್ಚಿಗಳೇ ನಾಟಕದ ಬಸ್ಸು. ಬಸ್ಸಿಲ್ಲದೆ ನಾಟಕವೆಲ್ಲಿ ಬಂತು?

ಮಾವನೋ, ಗೊತ್ತಿಲ್ಲದ ವಿಷಯವೇ ಇಲ್ಲದ ಮಹಾಶಯ. "ಬಾಗಿಲು ಕಿರುಗುಟ್ಟಿದ್ರೆ ಏನ್ ಮಾಡ್ತೀವಿ? ಎಣ್ಣೆ ಬಿಡ್ತೀವಿ. ಇದೂ ಅಷ್ಟೇ," ಎಂದು ಕುರ್ಚಿಯ ಕಾಲಿಗೆಲ್ಲ ಎಣ್ಣೆ ಬಳಿದ. ಆಮೇಲೆ ಗತ್ತಿನಿಂದ ಕೂರಲು ಹೋದ. ಟೈಲ್ಸ್ ಮೇಲೆ ಕುರ್ಚಿ ಆ ಕಡೆ ಜಾರಿತು, ಮಾವ ಈ ಕಡೆ ದೊಪ್ಪನೆ ಬಿದ್ದ.

"ಕುರ್ಚಿ ಸದ್ದು ಮಾಡ್ಲೇ ಇಲ್ಲ ಮಾವ. ಮಾಡಿದ್ದೆಲ್ಲ ನೀನೇ," ಎಂದಳು ಚಿನಕುರಳಿ.

ಇವನನ್ನು ನಂಬಿದರೆ ಬಸ್ಸು ಹೊರಟ ಹಾಗೇ. ಅವಳೇ ಎಣ್ಣೆ ಒರೆಸಿದಳು. ಹರಿದ ರಬ್ಬರ್ ಚಪ್ಪಲಿಗಳನ್ನು ಕತ್ತರಿಸಿ ಒಂದೊಂದು ಕಾಲಿಗೂ ಒಂದೊಂದು ತುಂಡು ಅಂಟಿಸಿದಳು. ಗೋಂದು ಒಣಗಿದ ಮೇಲೆ ಎಳೆದು ನೋಡಿದರೆ, ಕುರ್ಚಿ ಕಮಕ್ ಕಿಮಕ್ ಅನ್ನಲಿಲ್ಲ.

"ಪಾಪ, ಸದ್ದಮ್ಮನಿಗೆ ಇನ್ನು ಕೆಲಸಾನೇ ಇಲ್ಲ," ಎಂದು ಬೀಗುತ್ತಾ ಕೆಳಗೆ ಓಡಿದಳು.

ಆಂಟಿ ಮಗುವನ್ನು ಹೆಗಲಿಗೆ ಹಾಕಿಕೊಂಡು ತಟ್ಟುತ್ತಿದ್ದರು. ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿತ್ತು.

"ಆಂಟಿ, ಮೇಲೆ ಮಾವ ಕುರ್ಚಿ ಎಳೀತಾ ಇದಾನೆ. ಕೇಳಿಸ್ತಾ ಇದೆಯಾ?"

ಆಂಟಿ ಕಿವಿಗೊಟ್ಟರು. "ಇಲ್ವಲ್ಲೇ," ಎಂದು ನಕ್ಕರು.

ಅಷ್ಟರಲ್ಲಿ ತೆರೆದ ಕಿಟಕಿಯಿಂದ ಮಾವನ ದನಿ ಪಕ್ಕದಲ್ಲೇ ನಿಂತು ಮಾತಾಡಿದಷ್ಟು ಸ್ಪಷ್ಟವಾಗಿ ಬಂತು. "ಅಕ್ಕಾ, ಸದ್ದಮ್ಮನ ಬಾಯಿ ಮುಚ್ಚಿಸಿದ್ವಿ ನೋಡು. ನಿನ್ ಮಗಳು ಹೆಸರು ಮಾತ್ರ ಚೆನ್ನಾಗಿ ಇಟ್ಟಿದಾಳೆ."

ಚಿನಕುರಳಿ ತಲೆ ತಗ್ಗಿಸಿದಳು. ಈ ಹೆಸರು ಇವತ್ತೊಂದೇ ಅಲ್ಲ, ದಿನಾ ಆಂಟಿಗೆ ಕೇಳಿಸಿರಬೇಕು.

ಆಂಟಿ ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿದರು. "ಭಾನುವಾರ ನಾಟಕದ ಪ್ರಾಕ್ಟೀಸ್ ಅಲ್ವಾ? ಇದು ಎದ್ದಿರೋವಾಗ ಎಷ್ಟು ಬೇಕಾದ್ರೂ ಗಲಾಟೆ ಮಾಡ್ಕೊಳ್ಳಿ," ಎಂದರು. ಹೆಸರಿನ ಮಾತು ಎತ್ತಲಿಲ್ಲ.

ಮೇಲೆ ಬಂದರೆ ಮಾವ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. "ಏನಂದ್ಲು ಸದ್ದಮ್ಮ?"

ಚಿನಕುರಳಿ ಒಂದು ಕುರ್ಚಿಯನ್ನು ಎಳೆಯದೆ, ಎತ್ತಿ ಇಟ್ಟುಕೊಂಡು ಕೂತಳು.

"ಮೆಲ್ಲಗೆ ಮಾವ," ಎಂದಳು. "ಆಂಟಿ ಅನ್ನು."