ಪೂಜೆಗಿಟ್ಟ ಕಾರ್ಬೈನ್

ವಿಜಯದಶಮಿಯ ಬೆಳಿಗ್ಗೆ ಸಿಯಾಟಲ್ ಹತ್ತಿರದ ನಾರ್ತ್ ಕ್ರೀಕಿನ ಆ ವರ್ಕ್‌ಶಾಪಿನ ಬಾಗಿಲು ತೆಗೆದಾಗ ಡ್ರಿಲ್ಲು, ಸ್ಪ್ಯಾನರು, ಸುತ್ತಿಗೆ ಎಲ್ಲವೂ ವಿಭೂತಿ ಬಳಿದುಕೊಂಡು ಮೇಜಿನ ಮೇಲೆ ಇದ್ದಲ್ಲೇ ಇದ್ದವು. ನಡುವೆ ಇಟ್ಟಿದ್ದ ಕಾರ್ಬೈನ್ ಬಂದೂಕು ಮಾತ್ರ ಇರಲಿಲ್ಲ! ಅದಿದ್ದ ಜಾಗದಲ್ಲಿ ಬಾಡಿದ ಸೇವಂತಿಗೆಯೂ ಒಂದಿಷ್ಟು ಅರಿಶಿನದ ಅಕ್ಕಿಕಾಳೂ ಬಿದ್ದಿದ್ದವು.

ಮಾಲೀಕ ಗುರುಪಾದಪ್ಪನವರ ಹೆಂಡತಿ ಗೌರಾದೇವಿ ಕೋಣೆಗೆ ಬೀಗ ಹಾಕಿಸಿ ನಮಗೆ ಫೋನ್ ಮಾಡಿದರು. ನಮಗೆ ಎಂದರೆ ವೈಶಾಲಿಗೆ. ಅವಳು ಲೈಸೆನ್ಸ್ ಇರುವ ಖಾಸಗಿ ಪತ್ತೇದಾರಿ. ನಾನು ರಘು, ಅವಳ ಗಂಡ, ಡ್ರೈವರು ಮತ್ತು ಸಂಬಳವಿಲ್ಲದ ಸಹಾಯಕ.

ನಾವು ತಲುಪುವಷ್ಟರಲ್ಲಿ ಬಂದೂಕು ಸಿಕ್ಕಿತ್ತು. ಹೊರಗೆ ನಿಂತಿದ್ದ ಹಳೆಯ ಕಾರಿನ ಡಿಕ್ಕಿಯಲ್ಲಿ, ಕಂಬಳಿಯ ಕೆಳಗೆ. ಕಾರು ಅಲ್ಲಿಯ ಎಂಜಿನಿಯರ್ ಕಲ್ಮೇಶನದು.

"ಮಗನ ಹಂಗ ನೋಡ್ಕೊಂಡಿದ್ದೆ," ಎಂದರು ಗುರುಪಾದಪ್ಪ. "ಹಾವಿಗೆ ಹಾಲು ಎರದಂಗಾತು."

"ನಾ ಮುಟ್ಟೇ ಇಲ್ರಿ," ಎಂದ ಕಲ್ಮೇಶ್.

ಅಮೆರಿಕದಲ್ಲಿ ಬಂದೂಕಿಗೆ ಕಾನೂನೇ ಇಲ್ಲ ಎನ್ನುವವರು ಹೊರದೇಶದಿಂದ ಒಂದನ್ನು ತರಿಸಿ ನೋಡಬೇಕು. ಗುರುಪಾದಪ್ಪ ವಿಮಾನದ ರೆಕ್ಕೆ ವಿನ್ಯಾಸ ಮಾಡಿ ನಿವೃತ್ತರಾದವರು. ಅಗ್ಗದ ಸೆಮಿ ಆಟೊಮ್ಯಾಟಿಕ್ ಕಾರ್ಬೈನ್ ತರಿಸಿ ಬೇರೆ ರಾಜ್ಯಗಳಿಗೆ ಮಾರುವ ಆಸೆ ಅವರಿಗೆ. ಅದಕ್ಕೆ ಮೊದಲು ಒಂದು ಮಾದರಿಯನ್ನು ಫೆಡರಲ್ ಸರ್ಕಾರದ ಬಂದೂಕು ಇಲಾಖೆಯ ಪರೀಕ್ಷೆಗೆ ಕಳಿಸಬೇಕು. ಅದು ಬೇಟೆಗೆ, ಕ್ರೀಡೆಗೆ ತಕ್ಕದ್ದು ಎಂದು ಇಲಾಖೆ ಒಪ್ಪಬೇಕು. ಸೈನ್ಯದ ಬಂದೂಕಿನ ಲಕ್ಷಣ ಕಂಡರೆ ಆಮದು ಅಲ್ಲಿಗೇ ನಿಂತಿತು. ಕಾಣೆಯಾಗಿ ಸಿಕ್ಕಿದ್ದು ಆ ಮಾದರಿಯೇ.

ಕಲ್ಮೇಶನ ಕಷ್ಟ ಬೇರೆ. ಅವನು ಇರುವುದು ಕೆಲಸದ ವೀಸಾದ ಮೇಲೆ. ಅಂಥವರು ಬಂದೂಕು ಇಟ್ಟುಕೊಳ್ಳುವುದೇ ಅಪರಾಧ. ಅದಕ್ಕೇ ಅವನು ಡ್ರಾಯಿಂಗ್ ಮಾಡುತ್ತಿದ್ದನೇ ಹೊರತು ಮಾಲು ಮುಟ್ಟುತ್ತಿರಲಿಲ್ಲ. ಹಿಂದಿನ ಸಂಜೆಯ ಆಯುಧಪೂಜೆಯಲ್ಲೂ ಬಾಗಿಲಾಚೆ ನಿಂತೇ ಪ್ರಸಾದ ತಗೊಂಡಿದ್ದ. ಈಗ ಡಿಕ್ಕಿಯಲ್ಲಿ ಸಿಕ್ಕ ಬಂದೂಕು ಅವನದೇ ಕೆಲಸವೆಂದಾದರೆ ಜೈಲು, ಆಮೇಲೆ ಗಡೀಪಾರು.

"ಕಾರು ಯಾಕೆ ಇಲ್ಲಿತ್ತು?" ವೈಶಾಲಿ ಕೇಳಿದಳು.

"ಬ್ಯಾಟರಿ ಕೆಟ್ಟಿತ್ರಿ. ಒಂದು ವಾರಾತು ಇಲ್ಲೇ ಐತಿ."

"ಕೀ?"

"ಆಫೀಸಿನ್ಯಾಗ ಮೊಳಿಗೆ ನೇತು ಹಾಕಿದ್ದೆ. ಎಲ್ಲಾರಿಗೂ ಗೊತ್ತೈತಿ."

"ನಿನ್ನೆ ಮನೆಗೆ ಹೆಂಗೆ ಹೋದ್ರಿ?"

"ನಾನೇ ಬಿಟ್ಟೆ," ಎಂದ ಮಹೇಶ. ಅವನು ಗೌರಾದೇವಿಯ ತಮ್ಮ, ವ್ಯಾಪಾರದಲ್ಲಿ ಪಾಲುದಾರ. "ಇಬ್ರೂ ಲಿನ್‌ವುಡ್‌ನಲ್ಲೇ ಇರೋದು. ಪೂಜೆ ಮುಗಿದ ಕೂಡ್ಲೇ ಹೊರಟ್ವಿ. ಆಮೇಲೆ ಅವನು ವಾಪಸ್ ಬಂದ್ನೋ ಏನೋ, ನಂಗೊತ್ತಿಲ್ಲ."

"ನೀವು ಬರಲಿಲ್ವಾ?"

"ನನ್ನ ಮೇಲೂ ಡೌಟಾ?" ಮಹೇಶ ಉರಿದುಬಿದ್ದ. ಅವನು, ಕಲ್ಮೇಶ್ ಇಬ್ಬರ ಹತ್ತಿರವೂ ವರ್ಕ್‌ಶಾಪಿನ ಬೀಗದ ಕೈ ಇತ್ತು. ಗುರುಪಾದಪ್ಪನವರ ಹತ್ತಿರವಂತೂ ಇದ್ದೇ ಇತ್ತು.

ಗುರುಪಾದಪ್ಪ ದೊಡ್ಡ ಮನಸ್ಸು ಮಾಡಿದರು. "ಪೊಲೀಸರ ತನಕ ಹೋಗೂದು ಬ್ಯಾಡ. ಒಂದು ಹಾಳಿ ಮ್ಯಾಲೆ ತಪ್ಪು ಒಪ್ಪಿಕೊಂಡು ಸಹಿ ಮಾಡ್ಲಿ. ಬಂದೂಕು ಒಯ್ದೆ, ಬ್ಯಾರಲ್ ಬದಲಿ ಮಾಡ್ದೆ ಅಂತ ಬರೀಲಿ. ಊರಿಗೆ ಟಿಕೆಟ್ ನಾನs ತಗಸ್ತೇನಿ."

"ಬ್ಯಾರಲ್?" ವೈಶಾಲಿಯ ಹುಬ್ಬು ಏರಿತು. "ನಳಿಗೆ ಬದಲಾಗಿದೆ ಅಂತ ಯಾರು ಹೇಳಿದ್ರು?"

ಉತ್ತರ ಕೊಟ್ಟದ್ದು ಕಲ್ಮೇಶ್. "ನನ್ನ ಡ್ರಾಯಿಂಗಿನ್ಯಾಗ ನಳಿಗೆ ತುದಿ ಸಪಾಟ ಇತ್ರಿ. ಮಾಲು ಮಾಡಿದವರಿಂದ ಬಂದ ಫೋಟೋದಾಗ ತುದಿಗೆ ತಿರುಪಿನ ಥ್ರೆಡ್ ಇತ್ತು. ಸೈನ್ಯದ್ದು, ಹಳೇ ಸ್ಟಾಕು. ಇದು ಪರೀಕ್ಷೆಕ್ಕ ಹೋದ್ರ ನಾ ಸುಮ್ಕಿರಾಂಗಿಲ್ಲ ಅಂತ ಸರ್‌ಗೆ ಹೇಳಿದ್ದೆ."

"ಸುಳ್ಳು!" ಎಂದರು ಗುರುಪಾದಪ್ಪ.

ಮಾತಿಗೆ ಮಾತು ಅಷ್ಟೇ, ಸಾಕ್ಷಿ ಎಲ್ಲಿ? ನನಗಂತೂ ಹುಡುಗ ಮುಳುಗಿದ ಅನ್ನಿಸಿತು. ಬೆಳ್ಳಿಕೂದಲ ಯಜಮಾನರ ಮಾತು ಒಂದು ಕಡೆ, ವೀಸಾ ಹುಡುಗನ ಮಾತು ಇನ್ನೊಂದು ಕಡೆ. ಸಿಯಾಟಲ್ ಕನ್ನಡಿಗರು ಯಾವುದನ್ನು ನಂಬುತ್ತಾರೆ ಎಂದು ಕೇಳಬೇಕೆ?

ವೈಶಾಲಿ ಮತ್ತೆ ಮೇಜಿನ ಹತ್ತಿರ ಹೋದಳು. ಆಮೇಲೆ ಡಿಕ್ಕಿಗೆ ಬಗ್ಗಿ ಬಂದೂಕನ್ನು ಮುಟ್ಟದೆ ನೋಡಿದಳು. ವಾಪಸು ಬಂದು ಗೌರಾದೇವಿಯ ಎದುರು ನಿಂತಳು. ಅವರ ಕೈಯಲ್ಲಿ ಬೆಳಗಿನಿಂದಲೂ ಒಂದು ಸ್ಟೀಲ್ ಡಬ್ಬಿ ಇತ್ತು.

"ಅದರಲ್ಲಿ ಏನಿದೆ ಅಮ್ಮಾ?"

"ಅಕ್ಷತಿ ರೀ. ಇವತ್ತು ಆಯುಧ ಕದಲಿಸಬೇಕಲ್ಲ? ಅಕ್ಷತಿ ಹಾಕಿ, ಒಂಚೂರು ಸರಿಸಿ, ಆಮ್ಯಾಲೆ ಎತ್ತೂದು. ಹಂಗs ಎತ್ತಿದ್ರ ಪಾಪ."

"ಇವತ್ತು ಹಾಕಿದ್ರಾ?"

"ಎಲ್ಲಿ ಹಾಕೂದು? ಬಾಗಿಲಾ ತಗಿಯೂದ್ರಾಗ ಹಿಂಗಾತು. ಡಬ್ಬಿ ಮುಚ್ಚಳಾನೂ ತಗದಿಲ್ಲ."

"ನಿನ್ನೆ ಪೂಜೆಯಲ್ಲಿ?"

"ನಿನ್ನೆ ಮರತು ಬಂದಿದ್ನೆವ್ವಾ. ಬರೀ ಹೂವಾ ಏರಿಸಿದ್ವಿ. ನ್ಯೂಕ್ಯಾಸಲ್‌ಗೆ, ನಮ್ಮ ಮನಿಗೆ ಹೋಗಿ, ಅಕ್ಕಿಗೆ ಅರಿಶಿಣಾ ಹಚ್ಚಿ ಕಲಸಿ ದೇವರ ಜಗಲಿ ಮ್ಯಾಲೆ ಇಟ್ಟೆ."

ವೈಶಾಲಿ ಮೇಜಿನ ಕಡೆ ಕೈ ತೋರಿಸಿದಳು. "ಹಾಗಾದ್ರೆ ಇಲ್ಲಿ ಅಕ್ಷತೆ ಎಲ್ಲಿಂದ ಬಂತು?"

ಆ ಕಾಳುಗಳನ್ನು ನಾವೆಲ್ಲರೂ ನೋಡಿದ್ದೆವು. ಪೂಜೆ ಎಂದ ಮೇಲೆ ಅಕ್ಷತೆ ಇರುತ್ತದೆ ಎಂದು ಸುಮ್ಮನಾಗಿದ್ದೆವು!

"ಡ್ರಿಲ್ಲಿನ ಹತ್ತಿರ ಒಂದು ಕಾಳೂ ಇಲ್ಲ. ಸುತ್ತಿಗೆ ಹತ್ತಿರಾನೂ ಇಲ್ಲ," ಎಂದಳು ವೈಶಾಲಿ. "ಬಂದೂಕು ಇದ್ದ ಜಾಗದಲ್ಲಿದೆ, ಡಿಕ್ಕಿಯಲ್ಲಿರೋ ಬಂದೂಕಿನ ವಿಭೂತಿಗೂ ಅಂಟಿದೆ. ಕಳ್ಳ ಬಂದೂಕನ್ನ ಶಾಸ್ತ್ರಪ್ರಕಾರ ಕದಲಿಸಿಯೇ ಎತ್ತಿದಾನೆ. ಆ ಅಕ್ಷತೆ ಇದ್ದದ್ದು ನ್ಯೂಕ್ಯಾಸಲ್ ಮನೆಯಲ್ಲಿ. ಲಿನ್‌ವುಡ್‌ನಲ್ಲಿದ್ದ ಇವರಿಬ್ಬರಿಗೂ ಅದು ಸಿಗೋ ಹಾಗಿಲ್ಲ. ಅಮ್ಮಾ, ನೀವು ಕಾರ್ ಓಡಿಸ್ತೀರಾ?"

"ಇಲ್ಲ," ಎಂದರು ಗೌರಾದೇವಿ. ಅವರು ಗಂಡನತ್ತ ತಿರುಗಿದರು. "ನಿನ್ನೆ ರಾತ್ರಿ ವರ್ಕ್‌ಶಾಪಿನ ಬೀಗ ಹಾಕೇನೋ ಇಲ್ಲೋ ನೋಡಿ ಬರ್ತೇನಿ ಅಂತ ಹೋಗಿದ್ರಲ್ರಿ?"

ಗುರುಪಾದಪ್ಪ ಕುರ್ಚಿ ಎಳೆದುಕೊಂಡು ಕೂತರು.

"ಖರ್ಚು ಉಳಿಸೋಕೆ ಸೈನ್ಯದ ಬ್ಯಾರಲ್ ಹಾಕಿಸಿದ್ರಿ," ಎಂದಳು ವೈಶಾಲಿ. "ಅದು ಕಲ್ಮೇಶ್ ಕಣ್ಣಿಗೆ ಬಿತ್ತು. ಪರೀಕ್ಷೆಯಲ್ಲೂ ಸಿಕ್ಕಿಬೀಳುತ್ತೆ. ಅದಕ್ಕೆ ಅವನ ಬಾಯಿ ಮುಚ್ಚಿಸಿ, ಬ್ಯಾರಲ್ ತಪ್ಪನ್ನೂ ಅವನ ತಲೆಗೇ ಕಟ್ಟೋ ಉಪಾಯ ಮಾಡಿದ್ರಿ. ಕಳ್ಳನಾಗಿ ಊರಿಗೆ ಹೋದವನ ಮಾತು ಯಾರು ಕೇಳ್ತಾರೆ? ಗುರುಪಾದಪ್ಪನವರೇ, ನೀವೇ ಕಳ್ಳ."

ಪೂಜೆಗಿಟ್ಟ ಕಬ್ಬಿಣವನ್ನು ಹಾಗೇ ಎತ್ತಲು ಅಂಜಿದ ಮನುಷ್ಯ, ತನ್ನ ಮನೆಯಲ್ಲಿ ಉಂಡ ಹುಡುಗನ ಬಾಳನ್ನು ಕೀಳಲು ಅಂಜಲಿಲ್ಲ. ನನಗೆ ಹೇಸಿಗೆಯಾಯಿತು.

ಆದರೆ ಮುದುಕನ ಲೆಕ್ಕ ಇನ್ನೂ ಮುಗಿದಿರಲಿಲ್ಲ. ಅವರು ಕಲ್ಮೇಶನನ್ನೇ ದಿಟ್ಟಿಸಿದರು. "ನೀವು ಇಲಾಖೆಕ್ಕ ತಿಳಿಸ್ರಿ, ನನ್ನ ಲೈಸೆನ್ಸ್ ಹೋಗ್ತೈತಿ. ಕಂಪನಿ ಮುಚ್ಚತೈತಿ. ಇವನ ವೀಸಾ ನನ್ನ ಕಂಪನಿದು. ಎರಡು ತಿಂಗಳದಾಗ ಇನ್ನೊಂದು ಕೆಲಸಾ ಸಿಗದಿದ್ರ ಇವ ಹೊರಗs. ಸುಮ್ಕಿದ್ರ ಗ್ರೀನ್ ಕಾರ್ಡಿಗೂ ನಾನs ಹಾಕ್ತೇನಿ. ಏನಂತಿ ಕಲ್ಮೇಶ?"

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

"ನಾಳೆ ಇನ್ನೊಂದು ಮಾಡ್ತೀರಿ ಸರ್. ಆವಾಗೂ ನಾನs ಸಿಗ್ತೇನಿ," ಎಂದ ಕಲ್ಮೇಶ್. ಆಮೇಲೆ ವೈಶಾಲಿಯ ಕಡೆ ತಿರುಗಿದ. "ಫೋನ್ ಮಾಡ್ರಿ ಮೇಡಂ."

"ಗೌರಾ, ನೀನಾರ ಹೇಳ ಅವಗ!" ಎಂದರು ಗುರುಪಾದಪ್ಪ.

ಗೌರಾದೇವಿ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ಚೀಲದಿಂದ ತಮ್ಮ ಫೋನ್ ತೆಗೆದು ವೈಶಾಲಿಗೆ ಕೊಟ್ಟರು.

"ಇದ್ರಾಗ ಮಾಡ್ರಿ," ಎಂದರು. "ಹೇಳಿದಾಕಿ ಅವರ ಹೇಣ್ತಿ ಅಂತನ ಇಲಾಖೆದವ್ರು ಬರ್ಕೊಳ್ಲಿ."