ನಂಜುಂಡೇಶನ ತೂಕ

ಸುಧಾಳ ಅರ್ಜಿಯನ್ನು ನಂಜುಂಡೇಶ ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಸಿಬ್ಬಂದಿಯೆಲ್ಲ ತಟ್ಟೆ ಮುಂದೆ ಕೂತಿದ್ದಾಗ, ಗಟ್ಟಿಯಾಗಿ ಓದಿದ.

"ವಯಸ್ಸು ನಲವತ್ತೆರಡು. ತೂಕ ನೂರಾ ಎರಡು ಕೆಜಿ. ಅಲ್ಲ ಸುಧಕ್ಕ, ಆನೆ ನೋಡಕ್ಕೆ ಗೆಸ್ಟುಗಳು ಮಾಯಾರ್ ಹೊಳೆ ಗಂಟ ಹೋಯ್ತರೆ. ಆಫೀಸಿಗೆ ಕರ್ಕೊಂಡು ಬಂದಿದ್ರೆ ಸಾಕಿತ್ತು."

ಎಲ್ಲರೂ ನಕ್ಕರು. ಅಲ್ಲೇ ಇದ್ದ ಅವಳ ಗಂಡ, ಸಫಾರಿ ಜೀಪ್ ಓಡಿಸುವ ಗುರುಮಲ್ಲಪ್ಪ, ತಟ್ಟೆಯಿಂದ ತಲೆ ಎತ್ತಲಿಲ್ಲ.

ಊಟಿ ಬೆಟ್ಟದ ಕೆಳಗೆ, ಕಾಡಂಚಿನ ಬೊಕ್ಕಾಪುರಂನ ಆ ರೆಸಾರ್ಟಿಗೆ ನಂಜುಂಡೇಶ ಮ್ಯಾನೇಜರ್, ಸುಧಾ ಆಫೀಸಿನ ಗುಮಾಸ್ತೆ. ಮಂಡಿ ಸವೆದಿದೆ, ಸಕ್ಕರೆಯೂ ಏರಿದೆ, ವಾರಕ್ಕೊಂದು ಇಂಜೆಕ್ಷನ್ ತಗೊಂಡರೆ ತೂಕ ಇಳಿಯುತ್ತದೆ ಎಂದು ಊಟಿಯ ಡಾಕ್ಟರು ಹೇಳಿದ್ದರು. ಒಂದು ತಿಂಗಳ ಮದ್ದಿಗೆ ಅವಳ ಒಂದು ತಿಂಗಳ ಸಂಬಳ ಬೇಕಾಗಿತ್ತು. ಸಿಬ್ಬಂದಿಗೆ ಮಾಡಿಸಿದ್ದ ವಿಮೆಯಲ್ಲಿ ಅದು ಸಿಗುತ್ತಿತ್ತು, ಮ್ಯಾನೇಜರು ಒಪ್ಪಿದರೆ. "ಒಂದೊತ್ತು ಉಣ್ಣೋದು ಬಿಡು, ಸೂಜಿ ಯಾಕೆ?" ಎಂದು ನಂಜುಂಡೇಶ ಅರ್ಜಿಯನ್ನು ಮಡಚಿ, ಅದರಿಂದಲೇ ಮೇಜಿನ ಮೇಲಿನ ಸಾರು ಒರೆಸಿದ. ಮರುದಿನದಿಂದ ಅಡುಗೆಮನೆಯವರ ಬಾಯಲ್ಲಿ ಅವಳ ಹೆಸರು 'ನೂರಾ ಎರಡು' ಆಯಿತು.

ಸುಧಾ ಅಳಲಿಲ್ಲ. ಹದಿನೈದು ದಿನ ಸುಮ್ಮನೆ ಯೋಚಿಸಿದಳು.

ವಿಮೆಯ ಕೆಲಸ ಬೇಸರವೆಂದು ನಂಜುಂಡೇಶ ತನ್ನ ಪಾಸ್‌ವರ್ಡನ್ನೂ ಆಫೀಸಿನ ಫೋನನ್ನೂ ಅವಳ ಮೇಜಿನಲ್ಲೇ ಬಿಟ್ಟಿದ್ದ. ಅವನ ಹೆಸರಿಗೆ ಬರುವ ಒಟಿಪಿಗಳೆಲ್ಲ ಆ ಫೋನಿಗೇ ಬರುತ್ತಿದ್ದವು. ಬೇಕಿದ್ದರೆ ಅವಳು ತನ್ನ ಅರ್ಜಿಗೆ ತಾನೇ ಒಪ್ಪಿಗೆ ಒತ್ತಿಕೊಳ್ಳಬಹುದಿತ್ತು. ಆದರೆ ಆಗ ಅವನಿಗೇನೂ ಆಗುತ್ತಿರಲಿಲ್ಲ.

ಹಾಗಾಗಿ ದಾಖಲೆಯಲ್ಲಿ ಇಂಜೆಕ್ಷನ್ ಕೇಳಿದ್ದು ನಂಜುಂಡೇಶ. ವಿಮೆ ಕಂಪನಿಯ ಆ್ಯಪ್‌ನಲ್ಲಿ ಡಾಕ್ಟರು ವಿಡಿಯೋದಲ್ಲಿ ಬರುತ್ತೇನೆಂದಾಗ, ಇದು ಕಾಡಂಚು, ನೆಟ್‌ವರ್ಕ್ ನಿಲ್ಲುವುದಿಲ್ಲ, ಬರೆದೇ ಮಾತಾಡೋಣ ಎಂದದ್ದೂ ನಂಜುಂಡೇಶನೇ. ರಕ್ತಪರೀಕ್ಷೆಯ ವರದಿ ಅವಳದು, ಮೇಲಿನ ಹೆಸರು ಮಾತ್ರ ಅವನದು. ಡಾಕ್ಟರು ಚೀಟಿ ಬರೆದರು, ವಿಮೆಯವರು ಹಣ ಕಟ್ಟಿದರು, ಐಸ್ ತುಂಬಿದ ಪೆಟ್ಟಿಗೆ ರೆಸಾರ್ಟಿನ ಗೇಟಿಗೆ ಬಂತು. ಬಂದ ಪಾರ್ಸಲನ್ನೆಲ್ಲ ತೆಗೆದುಕೊಳ್ಳುವುದು ಗುಮಾಸ್ತೆಯ ಕೆಲಸ.

ಒಂದು ಕಟ್ಟಳೆಯಿತ್ತು. ತಿಂಗಳಿಗೊಮ್ಮೆ ತೂಕದ ಯಂತ್ರದ ಮೇಲೆ ನಿಂತು, ಅಂಕಿ ಕಾಣುವಂತೆ ಫೋಟೋ ತೆಗೆದು ಕಳಿಸಬೇಕು. ಅವಳು ಮನೆಯ ಯಂತ್ರದ ಮೇಲೆ ನಿಂತು, ಸೀರೆಯ ಅಂಚು ಬೀಳದಂತೆ, ನೆಲದ ಟೈಲ್ಸ್ ಕೂಡ ಕಾಣದಂತೆ ಕತ್ತರಿಸಿ ಕಳಿಸಿದಳು. ಅಂಕಿಗೆ ಹೆಸರು ಬರೆದಿರುವುದಿಲ್ಲವಲ್ಲ.

ಹಸಿವು ಸತ್ತಿತು. ನೂರಾ ಎರಡು ತೊಂಬತ್ತೇಳಾಯಿತು, ತೊಂಬತ್ತೆರಡಾಯಿತು. ಕೇಳಿದವರಿಗೆ ಮಾರಿಯಮ್ಮನಿಗೆ ಹರಕೆ, ಮಂಗಳವಾರ ಶುಕ್ರವಾರ ಉಪವಾಸ ಎಂದಳು. ದೇವರ ವಿಷಯವಾದ್ದರಿಂದ ಯಾರೂ ಕೆದಕಲಿಲ್ಲ. ನಂಜುಂಡೇಶ ಮಾತ್ರ ಅವಳನ್ನು ಮೇಲಿಂದ ಕೆಳಗೆ ನೋಡಿ, "ಅವತ್ತೇ ನಾ ಹೇಳ್ನಿಲ್ವಾ, ಉಣ್ಣೋದು ಬಿಟ್ರೆ ಸಾಕು ಅಂತ?" ಎಂದ. ಅವಳು "ಹೌದು ಸಾರ್, ನಿಮ್ಮಿಂದಲೇ ಎಲ್ಲ" ಎಂದು ನಕ್ಕಳು. ಮದುವೆಯಾದ ಮೇಲೆ ಅಷ್ಟು ಮನಸಾರೆ ನಕ್ಕಿದ್ದು ಅದೇ ಮೊದಲು.

ತೊಂಬತ್ತಕ್ಕೂ ಕೆಳಗೆ ಇಳಿದ ತಿಂಗಳು ಅವಳು ಊಟಿಗೆ ಹೋಗಿ, ವಿಮೆ ಕಂಪನಿಗೆ ಹೆಸರಿಲ್ಲದ ಒಂದು ಕಾಗದ ಹಾಕಿದಳು. 'ನೂರಾ ಎರಡು ಕೆಜಿ ಎಂದು ಮದ್ದು ತರಿಸುತ್ತಿರುವ ಮ್ಯಾನೇಜರನ್ನು ಒಮ್ಮೆ ಕಣ್ಣಾರೆ ನೋಡಿ.' ನಂಜುಂಡೇಶ ಒಣಗಿದ ನೀಲಗಿರಿ ಕೊಂಬೆಯಂಥ ಮನುಷ್ಯ. ಮದ್ದನ್ನು ಹೊರಗೆ ಮಾರಿಕೊಂಡ ಎಂದೇ ಯಾರಾದರೂ ತಿಳಿಯುತ್ತಾರೆ. ಕೆಲಸ ಹೋಗುತ್ತದೆ, ಪೊಲೀಸರು ಬರುತ್ತಾರೆ. ಆ ಊಟದ ಕೋಣೆಯಲ್ಲೇ, ಅದೇ ಜನರ ಎದುರಿಗೆ ಅವನ ಹೆಸರನ್ನು ಯಾರಾದರೂ ಗಟ್ಟಿಯಾಗಿ ಓದುತ್ತಾರೆ.

ಹತ್ತನೇ ದಿನ ಕೊಯಮತ್ತೂರಿನಿಂದ ಮಲರ್‌ಕೊಡಿ ಎಂಬ ವಿಮೆ ಕಂಪನಿಯ ತನಿಖೆಯವಳು ಬಂದಳು. ಮಳೆಗೆ ಅಂಗಳವೆಲ್ಲ ಕೆಸರಾಗಿತ್ತು. ಎಲ್ಲರೂ ಚಪ್ಪಲಿಯನ್ನು ಹೊರಗೆ ಬಿಟ್ಟೇ ಆಫೀಸಿನೊಳಗೆ ಬಂದರು. ನಂಜುಂಡೇಶ ಕೂಗಾಡಿದ, ದೇವರಾಣೆ ಇಟ್ಟ, ಕೊನೆಗೆ ಲಗೇಜು ತೂಗುವ ಯಂತ್ರದ ಮೇಲೆ ತಾನೇ ಹತ್ತಿ ನಿಂತ. ಐವತ್ತೊಂಬತ್ತು. ಸುಧಾ ಟೀ ತಂದಿಟ್ಟು, ಅವನ ಹಣೆಯ ಬೆವರನ್ನು ನೋಡುತ್ತ ಗೋಡೆಯ ಬಳಿ ನಿಂತಳು.

"ಸಾರ್ ಚುಚ್ಚಿಕೊಂಡಿಲ್ಲ, ಅದು ಗೊತ್ತಾಯಿತು," ಎಂದು ಮಲರ್‌ಕೊಡಿ ತಮಿಳಿನಲ್ಲಿ ಹೇಳಿದಳು. "ಮಾರಿಯೂ ಇಲ್ಲ. ಯಾರದೋ ತೂಕ ತಿಂಗಳು ತಿಂಗಳು ಇಳಿಯುತ್ತ ಬಂದಿದೆ. ಅದು ಯಾರು ಅಂತ ನೋಡಬೇಕು." ಆಕೆ ಟ್ಯಾಬ್ಲೆಟ್ಟನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲೆ ಇಟ್ಟಳು. ತೂಕದ ಯಂತ್ರದ ಫೋಟೋಗಳು, ಸಾಲಾಗಿ. ಸೀರೆ ಇಲ್ಲ, ನೆಲ ಇಲ್ಲ, ಅಂಕಿ ಮತ್ತು ಎರಡು ಪಾದ. ಪ್ರತಿ ಫೋಟೋದಲ್ಲೂ ಹೆಬ್ಬೆರಳ ಪಕ್ಕದ ಬೆರಳುಗಳಲ್ಲಿ ಬೆಳ್ಳಿಯ ಕಾಲುಂಗುರ. ಇಪ್ಪತ್ತು ವರ್ಷದಿಂದ ಮೈಯ ಭಾಗವೇ ಆಗಿಹೋಗಿದ್ದ ಅವುಗಳನ್ನು ಸುಧಾ ಫೋಟೋದಲ್ಲಿ ಕಂಡೇ ಇರಲಿಲ್ಲ. ಕೊನೆಯದರಲ್ಲಿ, ಬೆರಳು ಬಡವಾಗಿ ಸಡಿಲವಾದ ಎಡಗಾಲಿನ ಉಂಗುರಕ್ಕೆ, ಜಾರದಿರಲೆಂದು ಅವಳೇ ಸುತ್ತಿದ್ದ ಹಳದಿ ದಾರವೂ ಇತ್ತು. ಮಲರ್‌ಕೊಡಿಯ ಕಣ್ಣು ಟ್ಯಾಬ್ಲೆಟ್ಟಿನಿಂದ ಇಳಿದು, ನೆಲದ ಮೇಲೆ ಹರಿಯುತ್ತ, ಗೋಡೆಯ ಬುಡಕ್ಕೆ ಬಂದು ನಿಂತಿತು. ಸುಧಾ ಎಡಗಾಲನ್ನು ಮೆಲ್ಲಗೆ ಬಲಗಾಲಿನ ಹಿಂದಕ್ಕೆ ಎಳೆದುಕೊಂಡಳು.