ದುರ್ಗಾದೇವಿಯ ಸೊಂಟದ ಯಂತ್ರ

“ಇವತ್ತೊಂದಿನ ಅದನ್ನ ಬಿಚ್ಚಿಟ್ರ ಆಗಂಗಿಲ್ಲೇನು?”

ಹಿತ್ತಲ ಬಾಗಿಲಲ್ಲಿ ನಿಂತು ಹುಲುಗೇಶ ಪಿಸುಗುಟ್ಟಿದ. ಕಣ್ಣು ಅವಳ ಸೊಂಟಕ್ಕೆ ಸಿಕ್ಕಿಸಿದ್ದ ಪುಟ್ಟ ಡಬ್ಬಿಯ ಮೇಲಿತ್ತು. ದುರ್ಗಾದೇವಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕೊಟ್ಟೂರಿನ ಕಾಲೇಜಿನಲ್ಲಿ ಅವಳು ಫಿಜಿಕ್ಸ್ ಲೆಕ್ಚರರ್, ಅವನು ಲೈಬ್ರೇರಿಯನ್. ಹೊಸ ಶರ್ಟು, ಹಣೆಗೆ ವಿಭೂತಿ, ಒಳಗೆ ಬರೀ ಪುಕ್ಕಲು. ಇಂಥವನನ್ನು ಪ್ರೀತಿಸಿದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಪಡಸಾಲೆಯಲ್ಲಿ ಹರಪನಹಳ್ಳಿಯಿಂದ ಬಂದ ಅವನ ಕಡೆಯವರು ಒಪ್ಪಿಗೆ ಶಾಸ್ತ್ರಕ್ಕೆ ಕೂತಿದ್ದರು. ಹುಡುಗಿಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ ಇದೆಯೆಂಬುದನ್ನು ಈ ಮಹಾನುಭಾವ ತನ್ನ ತಾಯಿ ಬೊಮ್ಮಮ್ಮನಿಗೆ ಹೇಳೇ ಇಲ್ಲವೆಂದು ಅವಳಿಗೆ ತಿಳಿದದ್ದು ಈಗಷ್ಟೇ.

“ಅವ್ವ ಮೊಬೈಲ್ ಅಂದ್ಕೊಂಡಾಳ. ಹಂಗ ಅಂದ್ಕೊಳ್ಲಿ ಬಿಡು.”

“ಇದು ಏನ್ ಮಾಡತೈತಿ ಅಂತ ನಿಮಗರ ಗೊತ್ತೈತೇನ್ರಿ, ಲೈಬ್ರರಿ ಸಾಹೇಬ್ರ?”

“ದಾವಣಗೇರಿ ಡಾಕ್ಟ್ರು ಕೊಟ್ಟಿದ್ದಲ್ಲ… ಸಕ್ಕರಿ ಅಳೀತೈತಿ. ರಕ್ತ ಹೀರತೈತೇನು?”

“ಹೀರಾಕ ಇದೇನು ಸೊಳ್ಳಿ ಅಲ್ರಿ. ಹೊಟ್ಟಿ ಚರ್ಮದ ಕೆಳಗ ಕೂದಲೆಳಿಯಂಥ ತಂತಿ ಐತಿ. ಅಲ್ಲಿನ ನೀರಾಗ ಸಕ್ಕರಿ ಎಷ್ಟೈತಿ ಅಂತ ನೋಡಿ, ಐದೈದು ನಿಮಿಷಕ್ಕ ಈ ಡಬ್ಬಿಗೆ ಹೇಳತೈತಿ. ರಕ್ತದಾಗ ಸಕ್ಕರಿ ಇಳಿದಿದ್ದು ಆ ನೀರಿಗೆ ತಿಳಿಯೋದು ಸ್ವಲ್ಪ ತಡ. ನಡುನಡುವ ಬೆರಳು ಚುಚ್ಚಿ ಲೆಕ್ಕ ಸರಿಮಾಡಬೇಕು. ತಡ ಆದ್ರೂ ನಿಜ ಹೇಳತೈತಿ. ನಿಮ್ಮ ಕೈಲಿ ಅಷ್ಟೂ ಆಗಲಿಲ್ಲ.”

ಅವನ ಕಿವಿ ಕೆಂಪಾದವು. ಹಾಳಾದ ಆ ಕಿವಿಗಳನ್ನು ಕಂಡರೆ ಅವಳಿಗೆ ಈಗಲೂ ಮುದ್ದು ಬರುತ್ತಿತ್ತು. ಅದಕ್ಕೇ ಸಿಟ್ಟು ಇನ್ನಷ್ಟು ಏರಿತು.

“ಬಾಯಿಗೆ ಸಕ್ಕರಿ ಹಾಕೋ ಶಾಸ್ತ್ರಕ್ಕ ಮೊದಲ ನಿಮ್ಮ ಅವ್ವಗ ಹೇಳ್ರಿ. ಇಲ್ಲಾಂದ್ರ ನಾನು ಎದ್ದು ಹೋಗಾಕಿ.”

ಊಟಕ್ಕೆಂದು ಅವಳು ಇನ್ಸುಲಿನ್ ಚುಚ್ಚಿಕೊಂಡಾಗಿತ್ತು. ಅಷ್ಟರಲ್ಲಿ ಯಾರೋ ಹಿರಿಯರು ರಾಹುಕಾಲ ನೆನಪಿಸಿದರು. ಅದು ಕಳೆದು, ಶಾಸ್ತ್ರ ಮುಗಿಯುವವರೆಗೆ ಎಲೆ ಹಾಕುವಂತಿಲ್ಲ. ಈ ಜನ ಗಡಿಯಾರ ನೋಡುವುದು ಇಂಥದ್ದಕ್ಕೆ ಮಾತ್ರ! ದುರ್ಗಾ ಚಾಪೆಯ ಮೇಲೆ ಕೂತಳು. ಇನ್ಸುಲಿನ್ ಮೇಲೆ ಊಟ ಬೀಳದೆ ಮೈಯಲ್ಲಿ ಸಕ್ಕರೆ ಇಳಿಯತೊಡಗಿ ಬೆನ್ನು ಬೆವರಿತು. ಸ್ವಲ್ಪ ಹೊತ್ತಿಗೆ ಡಬ್ಬಿ ಕೂಗತೊಡಗಿತು.

“ಫೋನ್ ಬಂತು ನೋಡವ್ವ,” ಎಂದಳು ಬೊಮ್ಮಮ್ಮ.

ಕೇಳಿದ್ದರೆ ಸಕ್ಕರೆ ಸಿಗುತ್ತಿತ್ತು. ಆದರೆ ಇವರ ಮುಂದೆ ಕೈಯೊಡ್ಡುವುದೇ? ದುರ್ಗಾ ಹಟಕ್ಕೆ ಬಿದ್ದು ಹುಲುಗೇಶನನ್ನೇ ನೋಡಿದಳು.

ಅವನು ಎದ್ದ. ಶಾಸ್ತ್ರದ ತಟ್ಟೆಯಿಂದ ಸಕ್ಕರೆ ಬಾಚಿ ಎಲ್ಲರೆದುರೇ ಅವಳ ಬಾಯಿಗೆ ಹಾಕಿದ.

“ಲೇ, ರಾಹುಕಾಲ ಐತಲೇ!” ಬೊಮ್ಮಮ್ಮ ಚೀರಿದಳು.

“ಇರ್ಲಿ ಬಿಡವ್ವ! ಈಕಿಗೆ ಸಕ್ಕರಿ ಕಾಯಿಲಿ ಐತಿ. ದಿನಾ ಸೂಜಿ ಚುಚ್ಕೊಂತಾಳ. ಈಗ ಸಕ್ಕರಿ ಇಳಿದೈತಿ, ಕೊಡದಿದ್ರ ಜೀವಕ್ಕ ಅಪಾಯ. ನನಗ ಎಲ್ಲಾ ಗೊತ್ತಿತ್ತು, ಅಂಜಿ ನಿನಗ ಹೇಳಲಿಲ್ಲ. ನಾ ಮದುವಿ ಆದ್ರ ಈಕಿನ್ನೇ.”

ಬೊಮ್ಮಮ್ಮ ಮಗನನ್ನು ಸುಟ್ಟುಬಿಡುವಂತೆ ನೋಡಿದಳು. ಆಮೇಲೆ ದುರ್ಗಾಳ ಬಿಳುಚಿದ ಮುಖ ನೋಡಿ ಹಿರಿಯರತ್ತ ತಿರುಗಿದಳು.

“ಕಾಲ ಗೀಲ ಆಮ್ಯಾಲ ನೋಡೋಣು. ಮೊದಲು ನನ್ನ ಸೊಸಿಗೆ ಎಲಿ ಹಾಕ್ರಿ.”

ದುರ್ಗಾ ಹುಲುಗೇಶನ ಮಣಿಕಟ್ಟು ಹಿಡಿದು ಕೆಳಕ್ಕೆ ಎಳೆದಳು.

“ಸಿಟ್ಟು ಇಳಿದಿಲ್ಲಲೇ ನಂದು. ಉಂಡ ಮ್ಯಾಲೂ ಬೈತೀನಿ, ಮದುವಿ ಆದ ಮ್ಯಾಲೂ ಬೈತೀನಿ. ಇಲ್ಲೇ ಕೂತ್ಕೋ.”